ಕಾಗಿಣಾ ತೀರದ ತೊಗರಿ ಸೀಮೆ

ವಾಡಿ ಜಂಕ್ಷನ್ನಿನಲ್ಲಿ ಮುಂಬಯಿಯ ಹಾದಿಯನ್ನು ಬಿಟ್ಟು ಸಿಕಂದರಾಬಾದಿನ ಕಡೆಗೆ ಹೊರಳುವ ರೈಲುಗಾಡಿಯು ಚಿತ್ತಾಪುರ, ಮಳಖೇಡ ರೋಡ್ ಎಂಬ ನಿಲ್ದಾಣಗಳನ್ನು ದಾಟಿ ಸೇಡಂ ಪಟ್ಟಣವನ್ನು ಮುಟ್ಟುತ್ತದೆ. 1874ರಲ್ಲಿ, ನಿಜಾಮರ ಆಳ್ವಿಕೆಯಲ್ಲಿ, ತೆರೆದ ಹಾದಿಯಿದು. ಮಾರ್ಗಶಿರದ ದಿನಗಳಲ್ಲಿ ಕಿಟಕಿಯ ಬಳಿ ಕುಳಿತವರ ಕಣ್ಣಿಗೆ ಬೀಳುವ ನೋಟಗಳು ಮುಖ್ಯವಾಗಿ ಎರಡು: ಹತ್ತಿರದಲ್ಲಿ, ಕರಿಯ ಎರೆನೆಲದ ಮೇಲೆ ಬಾನಂಚಿನವರೆಗೆ ಹಬ್ಬಿದ ತೊಗರಿಯ ಹೊಲ, ದೂರದಲ್ಲಿ, ಸಿಮೆಂಟ್ ಕಾರ್ಖಾನೆಗಳ ಎತ್ತರದ ಚಿಮಣಿಗಳು.

ಈ ಸೀಮೆಯನ್ನು ಎಂದೂ ಕಾಣದವರೂ ಇದರ ಋಣದಿಂದ ಹೊರಗಿನವರಲ್ಲ. ಪೇಟೆಯ ಮನೆಯಲ್ಲಿ ಒಲೆಯ ಮೇಲೆ ಕುದಿಯುವ ಸಾರಿನ ಬೇಳೆ ಇಲ್ಲಿಂದ ಹೋಗಿರಬಹುದು. ಹಳೆಯ ಮನೆಗಳ ನಡುಮನೆಯಲ್ಲಿ ಬೇಸಗೆಯಲ್ಲೂ ತಣ್ಣಗಿರುವ ನೆಲಹಾಸು ಶಹಾಬಾದಿನ ಫರಸಿ ಕಲ್ಲಾಗಿರಬಹುದು. ಕಲ್ಲು ಮತ್ತು ಕಾಳು, ಇವೆರಡನ್ನೂ ನಾಡಿಗೆ ಕೊಟ್ಟ ಈ ನೆಲವು ತನ್ನ ಮಕ್ಕಳನ್ನು ಮಾತ್ರ ವರ್ಷವರ್ಷವೂ ದೂರಕ್ಕೆ ಕಳುಹಿಸುತ್ತ ಬಂದಿದೆ.

ಎಳ್ಳಮಾವಾಸ್ಯೆಗೆ ಒಂದೆರಡು ದಿನ ಮೊದಲು ಸೇಡಂ ನಿಲ್ದಾಣದಲ್ಲಿ ನಿಂತರೆ ಇದು ತಾನಾಗಿಯೇ ತಿಳಿಯುತ್ತದೆ. ಹೈದರಾಬಾದಿನ ಕಟ್ಟಡಗಳಲ್ಲಿ ಗಾರೆ ಹೊತ್ತು ದಣಿದ ತರುಣರು ಗಂಟುಮೂಟೆಗಳೊಡನೆ ಇಳಿಯುತ್ತಾರೆ. ಎದುರುಗೊಳ್ಳಲು ಬಂದ ಅಜ್ಜನು ಕುಶಲವನ್ನು ಕೇಳುವುದು ಆಮೇಲೆ. “ಎಷ್ಟ್ ದಿನಾ ಇರ್ತಿ, ತಮ್ಮಾ?” ಎಂಬುದೇ ಮೊದಲ ಪ್ರಶ್ನೆ. “ನಾಕೇ ದಿನ, ಮುತ್ಯಾ” ಎಂಬುದು ಉತ್ತರ. ಈ ನಾಲ್ಕು ದಿನ ನಾಲ್ಕು ತಿಂಗಳಾಗುವುದೇ ಅಥವಾ ಇಡಿಯ ವರ್ಷವಾಗುವುದೇ ಎಂಬುದು ಮೊಮ್ಮಗನ ಮನಸ್ಸನ್ನು ಅವಲಂಬಿಸಿದ ಸಂಗತಿಯಲ್ಲ. ಅದು ಮಳೆ ಮತ್ತು ಮಣ್ಣು ಕೈಗೂಡಿ ಹೇಳಬೇಕಾದ ಮಾತು.

ಸೇಡಂ ಊರು ಕಮಲಾವತಿಯ ದಂಡೆಯಲ್ಲಿದೆ. ಕಾಗಿಣಾ ನದಿಯು ತೆಲಂಗಾಣದಿಂದ ಇಳಿದುಬಂದು, ಈ ತಾಲ್ಲೂಕನ್ನು ಹಾದು, ಹೊನಗುಂಟದ ಬಳಿ ಭೀಮೆಯನ್ನು ಕೂಡುತ್ತದೆ. ಇದೇ ಕಾಗಿಣೆಯ ತೀರದಲ್ಲಿರುವ ಮಳಖೇಡವೇ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ಮಾನ್ಯಖೇಟ. ಅಮೋಘವರ್ಷ ನೃಪತುಂಗನು ಲೋಕಕ್ಕೆ ಒದಗಿದ ಉಪದ್ರವವನ್ನು ನೀಗಲೆಂದು ತನ್ನ ಎಡಗೈಯ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ ತಾಮ್ರಶಾಸನವು ಹೇಳುತ್ತದೆ. ಆ ಉಪದ್ರವ ಯಾವುದೆಂಬುದನ್ನು ಶಾಸನ ಬಿಡಿಸಿ ಹೇಳಲಿಲ್ಲ. ಈ ಸೀಮೆಯ ಇಂದಿನ ಉಪದ್ರವವನ್ನಾದರೋ ಬಿಡಿಸಿಯೇ ಹೇಳಬಹುದು.

2020ರ ಅಕ್ಟೋಬರಿನಲ್ಲಿ ಸುರಿದ ಮಳೆಗೆ ಕಾಗಿಣಾ ಉಕ್ಕಿ ಮಳಖೇಡದೊಳಗೆ ನುಗ್ಗಿತು. 2022ರ ಹಂಗಾಮಿನಲ್ಲಿ ನೆಟೆ ರೋಗ ತಗಲಿ, ಕಾಯಿ ಕಟ್ಟುವ ಹೊತ್ತಿಗೆ ತೊಗರಿ ನಿಂತಲ್ಲಿಯೇ ಒಣಗಿತು. ಅದರ ಮರುವರ್ಷ, 2023ರಲ್ಲಿ, ಮಳೆ ಮೋರೆ ತಿರುವಿತು. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಅತಿವೃಷ್ಟಿ. ಕಲಬುರಗಿ ಜಿಲ್ಲೆಯ ಹೊಲಗಳಲ್ಲಿ ನೀರು ನಿಂತು ಬೆಳೆ ಕೊಳೆಯಿತು. ಹಿರಿಯರ ಕಾಲದಲ್ಲಿಯೂ ಬರ ಬಂದದ್ದುಂಟು, ನೆರೆ ಬಂದದ್ದುಂಟು. ಆದರೆ ಒಂದರ ಹೊಡೆತದಿಂದ ಚೇತರಿಸಿಕೊಳ್ಳುವುದರೊಳಗೆ ಇನ್ನೊಂದು ಬಂದು ಎರಗುವ ಈ ವೇಗ ಹೊಸದು. ಭೂಮಿಯ ಬಿಸಿ ಏರಿದಂತೆ ಗಾಳಿಯು ಹೆಚ್ಚು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಬಂದಾಗ ಮಳೆ ಒಮ್ಮೆಗೇ ಧೋ ಎಂದು ಸುರಿಯುತ್ತದೆ, ನಡುವಿನ ಬಿಸಿಲಿನ ದಿನಗಳು ಉದ್ದವಾಗುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ.

ತೊಗರಿಯ ಸ್ವಭಾವವೂ ಇಲ್ಲಿ ಗಮನಿಸತಕ್ಕದ್ದು. ಬರಗಾಲದಲ್ಲಿ ಅದು ವೀರ. ಅದರ ತಾಯಿಬೇರು ಆರಡಿಯಾಳಕ್ಕೂ ಇಳಿದು, ಮೇಲೆ ಬಿರುಕುಬಿಟ್ಟ ಎರೆನೆಲದ ಒಡಲಿನಿಂದ ನೀರನ್ನು ಎಳೆದುಕೊಳ್ಳಬಲ್ಲದು. ಉದುರಿದ ಎಲೆ ಮಣ್ಣಿಗೆ ಗೊಬ್ಬರ, ಹೊಟ್ಟು ದನಕ್ಕೆ ಮೇವು, ಕಟ್ಟಿಗೆ ಒಲೆಗೆ ಉರುವಲು. ಆದರೆ ಬುಡದಲ್ಲಿ ನೀರು ನಿಂತರೆ ಈ ವೀರನ ಉಸಿರು ಕಟ್ಟುತ್ತದೆ; ಬೇರು ಕೊಳೆಯುತ್ತದೆ, ರೋಗಕ್ಕೆ ಬಾಗಿಲು ತೆರೆಯುತ್ತದೆ. ಆರು ತಿಂಗಳು ಹೊಲದಲ್ಲಿ ನಿಲ್ಲುವ ಪೈರಾದುದರಿಂದ, ಅದು ಕೆಟ್ಟರೆ ರೈತನ ವರ್ಷವೇ ಕೆಟ್ಟಂತೆ.

ಇದನ್ನು ಅರಿತೇ ಹಿಂದಿನವರು ತೊಗರಿಯನ್ನು ಒಂಟಿಯಾಗಿ ನಂಬಿದವರಲ್ಲ. ತೊಗರಿಯ ಸಾಲುಗಳ ನಡುವೆ ಹೆಸರು, ಉದ್ದು, ಎಳ್ಳು, ಜೋಳಗಳ ಅಕ್ಕಡಿ ಸಾಲುಗಳನ್ನು ಇಡುತ್ತಿದ್ದರು. ಹೆಸರು ಮುಂಚಿತವಾಗಿ ಕೈಗೆ ಬಂದು ಹಬ್ಬದ ಖರ್ಚನ್ನು ನೀಗಿಸುತ್ತಿತ್ತು. ತೊಗರಿ ಕೆಟ್ಟರೆ ಜೋಳದ ರೊಟ್ಟಿಯಾದರೂ ಉಳಿಯುತ್ತಿತ್ತು. ಪೇಟೆಯ ಧಾರಣೆಯ ಆಸೆಗೂ ಆಳುಗಳ ಅಭಾವಕ್ಕೂ ಸಿಕ್ಕಿ ಅನೇಕ ಹೊಲಗಳು ಈಚಿನ ದಶಕಗಳಲ್ಲಿ ಒಂದೇ ಬೆಳೆಯ ಹೊಲಗಳಾದುವು. ಒಂದೇ ಕಂಬದ ಚಪ್ಪರ ಗಾಳಿಗೆ ಎಷ್ಟು ಹೊತ್ತು ನಿಂತೀತು?

ಆದುದರಿಂದ ಈ ಸೀಮೆಯ ಮುಂದಿನ ದಾರಿ, ಹಳೆಯ ವಿವೇಕಕ್ಕೆ ಹೊಸ ವಿದ್ಯೆಯನ್ನು ಕಸಿ ಕಟ್ಟುವ ದಾರಿಯಾಗಿದೆ. ಹೈದರಾಬಾದಿನ ಸಮೀಪದ ಪಟಾಂಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ನೆಟೆ ರೋಗವನ್ನು ತಡೆಯುವ ‘ಮಾರುತಿ’ ಎಂಬ ತೊಗರಿ ತಳಿಯನ್ನು ಆರಿಸಿ ತೆಗೆಯಿತು. 1980ರ ದಶಕದಲ್ಲಿ ಅದು ಕಲಬುರಗಿಯ ಹೊಲಗಳಲ್ಲಿ ಹಬ್ಬಿತು. ಬಳಿಕ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ‘ಟಿ.ಎಸ್. 3ಆರ್’ ತಳಿ ಬಂದಿತು. ಬಿತ್ತಿ ಒಂದೂವರೆ ತಿಂಗಳು ಕಳೆದ ಮೇಲೆ ಗಿಡದ ಕುಡಿಯನ್ನು ಚಿವುಟಿದರೆ ಕವಲೊಡೆದು ಹೆಚ್ಚು ಕಾಯಿ ಬಿಡುತ್ತದೆಂದು ತಜ್ಞರು ಕಲಿಸುತ್ತಾರೆ. ಕೆಲವು ಸಾಲುಗಳಿಗೊಂದರಂತೆ ಕಾಲುವೆ ತೆಗೆದರೆ ಅತಿವೃಷ್ಟಿಯ ನೀರು ಹರಿದುಹೋಗುತ್ತದೆ. ಹರಿದುಹೋದ ನೀರನ್ನು ಹೊಲದ ತಗ್ಗಿನಲ್ಲಿ ತಡೆಯುವ ಕೃಷಿಹೊಂಡಕ್ಕೆ 2014ರಿಂದ ಸರ್ಕಾರದ ‘ಕೃಷಿ ಭಾಗ್ಯ’ ಯೋಜನೆ ನೆರವಾಯಿತು. ಮಳೆ ಕೈಕೊಟ್ಟಾಗ, ಹೂ ಬಿಡುವ ಹೊತ್ತಿನಲ್ಲಿ ಹೊಂಡದಿಂದ ಒಂದೇ ಒಂದು ಸಲ ನೀರು ಹಾಯಿಸಿದರೂ ಪೈರಿಗೆ ಜೀವ ಬಂದೀತು. ಹೆಚ್ಚಾದ ನೀರನ್ನು ಹೊರಗೆ ಬಿಡುವುದು, ಬಿಟ್ಟ ನೀರನ್ನು ಕೂಡಿಡುವುದು: ಎರಡೂ ಕೂಡಿದರೆ ಮಾತ್ರ ಬೇಸಾಯ.

ಹೊಲವೊಂದನ್ನೇ ನಂಬುವುದೂ ಒಂದೇ ಕಂಬದ ಚಪ್ಪರವೇ ಸರಿ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಆದರೆ ಕಾಳು ಕಾಳಾಗಿಯೇ ಮಾರಾಟವಾಗಿ ಬೇರೆ ಕಡೆ ಬೇಳೆಯಾದರೆ ಅದರ ಲಾಭ ಬೆಳೆದವನ ಕೈಸೇರದು. 2024ರಲ್ಲಿ ಜಿಲ್ಲಾಡಳಿತವು ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ತಟ್ಟಿದ ಜೋಳದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಿಂದ ಪೇಟೆಗೆ ತಂದಿತು. ಅಜ್ಜಿಯಿಂದ ಕಲಿತ ಕೈಕಸಬು ಮಳೆ ಕೈಕೊಟ್ಟ ತಿಂಗಳಿನಲ್ಲಿಯೂ ಮನೆಗೆ ನಾಲ್ಕು ಕಾಸು ತರುವುದೆಂದರೆ ಸಣ್ಣ ಮಾತಲ್ಲ.

ಕಲ್ಲಿನ ಕಸುಬಿಗೆ ಹಿಂದಿನ ಬಲವಿಲ್ಲ. ಹೊಳೆಯುವ ಟೈಲ್ಸುಗಳು ಬಂದ ಮೇಲೆ ಶಹಾಬಾದ್, ಚಿತ್ತಾಪುರಗಳ ಫರಸಿಗೆ ಬೇಡಿಕೆ ಕುಗ್ಗಿದೆ. ಪೂರ್ವದ ಚಿಂಚೋಳಿಯ ಕಡೆ ನೆಲ ಏರುತ್ತದೆ, ಕಾಡು ಕಾಣುತ್ತದೆ. 2011ರಲ್ಲಿ ಅಲ್ಲಿ ವನ್ಯಜೀವಿಧಾಮ ಘೋಷಣೆಯಾಯಿತು. ಆ ಗುಡ್ಡಗಳ ಲಂಬಾಣಿ ತಾಂಡಾಗಳಿಂದಲೂ ಸುಗ್ಗಿ ಮುಗಿದೊಡನೆ ಸಂಸಾರ ಸಮೇತ ಗುಳೆ ಹೋಗುವವರಿದ್ದಾರೆ. ಹೊಲವೇ ಇಲ್ಲದವರಿಗೆ ತಳಿಯಿಂದಲೂ ಹೊಂಡದಿಂದಲೂ ನೇರವಾಗಿ ಒದಗುವುದೇನು? ಹೊಂಡ ತೋಡುವ, ಒಡ್ಡು ಹಾಕುವ ಕೂಲಿ ಊರಲ್ಲಿಯೇ ಸಿಕ್ಕರೆ, ತಾಯಿ ಊರಲ್ಲಿ ಉಳಿದಾಳು. ತಾಯಿ ಉಳಿದರೆ ಮಗು ಶಾಲೆಯಲ್ಲಿ ಉಳಿದೀತು. ಯೋಜನೆಗಳ ಗೆಲುವನ್ನು ಅಳೆಯಬೇಕಾದ ಕೋಲು ಇದೇ.

ಎಳ್ಳಮಾವಾಸ್ಯೆಯ ದಿನ ಸೀಮೆಗೆ ಸೀಮೆಯೇ ಹೊಲಕ್ಕೆ ನಡೆಯುತ್ತದೆ. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಪೈರಿನ ಸುತ್ತ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿಗೆ ಹಸಿತೊಗರಿ ಬೆರೆತ ಭಜ್ಜಿಯನ್ನು ಹಚ್ಚಿಕೊಂಡು ಎಲ್ಲರೂ ಕೂಡಿ ಉಣ್ಣುತ್ತಾರೆ. ಆ ಭಜ್ಜಿಯನ್ನು ನೋಡಿರಿ: ಹತ್ತಾರು ಸೊಪ್ಪು, ಹತ್ತಾರು ಕಾಳು! ಹಿಂದಿನ ಹೊಲವೂ ಹೀಗೆಯೇ ಇತ್ತು. ಉಂಡು ಎದ್ದ ಮೊಮ್ಮಗನು ಬದುವಿನ ಮೇಲೆ ನಡೆದು, ಗಿಡವೊಂದನ್ನು ಬಾಗಿಸಿ ಕಾಯಿಗಳನ್ನು ಎಣಿಸುತ್ತಾನೆ. ಅಜ್ಜನು ದೂರದಿಂದ ಅದನ್ನೇ ನೋಡುತ್ತಿರುತ್ತಾನೆ; ಏನೂ ಕೇಳುವುದಿಲ್ಲ.