ಊಟದ ಮೇಜಿನ ಮೇಲೆ ಹೆಬ್ಬೆ

ಹೆಬ್ಬೆ ಜಲಪಾತದ ಎತ್ತರ 168 ಮೀಟರ್. ಮಕ್ಕಳೇ, ಆಟದ ರೈಲಿನ ಪಕ್ಕದಲ್ಲಿ ಅದನ್ನು ಅಳತೆಗೆ ಸರಿಯಾಗಿ ನಿಲ್ಲಿಸಲು ಎಷ್ಟು ಜಾಗ ಬೇಕು, ಲೆಕ್ಕ ಹಾಕಿ ನೋಡಿ. ಮಾದರಿ ರೈಲು ಮಾಡುವವರು ಹೆಚ್ಚಾಗಿ ಬಳಸುವ ಅಳತೆ 87ಕ್ಕೆ 1. ಆ ಲೆಕ್ಕದಲ್ಲಿ ಐದೂವರೆ ಅಡಿಯ ಮನುಷ್ಯ 2 ಸೆಂಟಿಮೀಟರೂ ಆಗುವುದಿಲ್ಲ. ಹೆಬ್ಬೆ ಮಾತ್ರ ಆಗಲೂ 1 ಮೀಟರ್ 93 ಸೆಂಟಿಮೀಟರ್! ತಾತನಿಗಿಂತ ಎತ್ತರ. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1,434 ಮೀಟರ್ ಮೇಲಿದೆ. ಅದನ್ನೂ ಹಾಗೇ ಮಾಡಹೊರಟರೆ ಐದು ಅಂತಸ್ತಿನ ಕಟ್ಟಡವೇ ಬೇಕು.

ಈ ಲೆಕ್ಕ ಹಾಕಿದ್ದು ಕ್ರಿಸ್‌ಮಸ್ ರಜೆಗೆ ತರೀಕೆರೆಗೆ ಬಂದ ನಮ್ಮ ಮೊಮ್ಮಗಳು. ಅವರಪ್ಪ ಹೊರದೇಶದಿಂದ ಬರುವಾಗ ಪುಟ್ಟ ರೈಲೊಂದನ್ನು ತಂದಿದ್ದರು. ಅದರ ಹಳಿಗಳ ನಡುವಿನ ಅಗಲ 9 ಮಿಲಿಮೀಟರ್. ಪೆಟ್ಟಿಗೆಯ ಮೇಲೆ ಹಿಮ ಬಿದ್ದ ಬೆಟ್ಟದ ಚಿತ್ರ. ಜರ್ಮನಿಯ ಮೆರ್ಕ್ಲಿನ್ ಕಂಪನಿ 1891ರಲ್ಲೇ ಕೀಲಿ ಕೊಟ್ಟರೆ ಓಡುವ ರೈಲನ್ನು ಹಳಿ ಸಮೇತ ಮಾರಾಟಕ್ಕಿಟ್ಟಿತ್ತು. ಅಲ್ಲೆಲ್ಲ ಕ್ರಿಸ್‌ಮಸ್ ಮರದ ಸುತ್ತ ರೈಲು ಓಡಿಸುವುದು ಹಳೆಯ ರೂಢಿ. ಆದರೆ ತರೀಕೆರೆಯಲ್ಲಿ ಕೂತು ಹಿಮದ ಬೆಟ್ಟ ಏಕೆ ಮಾಡಬೇಕು? ನಮಗೇ ಒಂದು ಪುಟ್ಟ ರೈಲಿತ್ತಲ್ಲ!

ಹೌದು, ಸುಮಾರು ನೂರು ವರ್ಷಗಳ ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡೇ ಅಡಿ ಅಗಲದ ಹಳಿಯ ಮೇಲೆ ರೈಲು ಓಡುತ್ತಿತ್ತು. ಬೀರೂರು–ಶಿವಮೊಗ್ಗ ಮಾರ್ಗದ ಮೀಟರ್ ಗೇಜ್ ರೈಲಿನ ಪಕ್ಕದಲ್ಲಿ ಅದು ಹಸುವಿನ ಪಕ್ಕದ ಕರುವಿನ ಹಾಗೆ ಕಾಣುತ್ತಿದ್ದಿರಬೇಕು. ಮೀಟರ್ ಗೇಜ್ ಈಗ ಬ್ರಾಡ್ ಗೇಜ್ ಆಗಿದೆ. ಪುಟ್ಟ ರೈಲು ಇಲ್ಲವೇ ಇಲ್ಲ. ಇನ್ನು ಕೆಮ್ಮಣ್ಣುಗುಂಡಿಯ ಅದಿರು ಬೆಟ್ಟದಿಂದ ಇಳಿದದ್ದು ರೋಪ್‌ವೇ ಮೇಲೆ, ತೊಟ್ಟಿಗಳಲ್ಲಿ ತೂಗಾಡಿಕೊಂಡು ತಣಿಗೆಬೈಲಿಗೆ. ಅಲ್ಲಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ. ವಿಶ್ವೇಶ್ವರಯ್ಯನವರು ಕಟ್ಟಿ ಬೆಳೆಸಿದ ಆ ಕಾರ್ಖಾನೆಯಲ್ಲಿ 1923ರಿಂದ ಕಬ್ಬಿಣ ಬರತೊಡಗಿತು. ಇಷ್ಟೆಲ್ಲ ಕೇಳಿದ ಮೇಲೆ ಮೊಮ್ಮಗ ಪೆಟ್ಟಿಗೆಯ ಹಿಮದ ಬೆಟ್ಟದ ಕಡೆ ತಿರುಗಿಯೂ ನೋಡಲಿಲ್ಲ.

ಊಟದ ಮೇಜಿನ ತುಂಬ ಥರ್ಮೋಕೋಲ್, ರಟ್ಟು, ಅಂಟು ಹರಡಿತು. ಎರಡು ದಿನ ನಾವು ನೆಲದ ಮೇಲೆ ಊಟ ಮಾಡಿದೆವು. ಮೂರನೆಯ ದಿನ ಇವರಜ್ಜಿ ಸೌಟು ಹಿಡಿದುಕೊಂಡೇ ಬಂದರು. "ಐದು ದಿನ ಇರೋಕೆ ಬಂದಿದ್ದಾರೆ. ನಂಗೆ ಮಕ್ಕಳ ಮುಖ ನೋಡಬೇಕು. ಬರೀ ಬೆನ್ನು ಕಾಣ್ತಿದೆ" ಎಂದರು. ಅದರಲ್ಲಿ ತಪ್ಪೇನಿದೆ? ಮಗಳು ಕೂಡ ತವರಿಗೆ ಬಂದದ್ದು ಥರ್ಮೋಕೋಲ್ ಗುಡಿಸಲಿಕ್ಕಲ್ಲ.

ದಾರಿ ಹುಡುಕಿದವರೂ ಅಜ್ಜಿಯೇ. ಬಡಗಿಯಿಂದ ಮಂಚದ ಕೆಳಗೆ ಹಿಡಿಸುವಷ್ಟು ಪ್ಲೈವುಡ್ ಹಲಗೆ ಕೊಯ್ಯಿಸಿದರು. ರೈಲೆಲ್ಲ ಅದರ ಮೇಲೆ. ಸಂಜೆ ಕಾಫಿಯಾದ ಮೇಲೆ ಹಲಗೆ ಮೇಜಿಗೆ ಏರಬೇಕು, ರಾತ್ರಿ ಅನ್ನಕ್ಕೆ ಮುಂಚೆ ಮಂಚದ ಕೆಳಗೆ ಹೋಗಬೇಕು. ಹಗಲು ಹೊತ್ತು ಮನೆಯವರದ್ದು.

ಹಾಗಾಗಿಯೇ ಮಾರನೆಯ ದಿನ ಎಲ್ಲರೂ ಹೆಬ್ಬೆಗೆ ಹೊರಟೆವು. ಕೆಮ್ಮಣ್ಣುಗುಂಡಿಯಿಂದ ಜೀಪು. ಎಲುಬೆಲ್ಲ ಅಲುಗಿ ಹೋಗುವ ದಾರಿ, ಅಜ್ಜಿ ಮುಂದಿನ ಸೀಟು ಬಿಟ್ಟುಕೊಡಲಿಲ್ಲ. ಆಮೇಲೆ ಹಳ್ಳ ದಾಟಿ ದಾಟಿ ನಡಿಗೆ. ಮಳೆಗಾಲದಲ್ಲಾದರೆ ಇಂಬಳ ಹತ್ತಿ ಕಾಲು ರಕ್ತವಾಗುತ್ತದೆ. ಡಿಸೆಂಬರಿನಲ್ಲಿ ಆ ಕಾಟ ಕಡಿಮೆ, ಕಾಫಿ ಗಿಡದಲ್ಲಿ ಹಣ್ಣು ಕೆಂಪಗಿರುತ್ತದೆ. ಹೆಬ್ಬೆ ಎರಡು ಹಂತದಲ್ಲಿ ಬೀಳುತ್ತದೆ, ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ. ಮೊಮ್ಮಗಳು ಕತ್ತೆತ್ತಿ ಬಹಳ ಹೊತ್ತು ನೋಡಿ, "ತಾತ, ನೀರು ನೇರ ಬೀಳಲ್ಲ, ಬಂಡೆ ಮೇಲೆ ಹರಡಿಕೊಂಡು ಬೀಳುತ್ತೆ" ಅಂದಳು. ಚಿತ್ರದಲ್ಲಿ ಸಾವಿರ ಸಲ ನೋಡಿದ್ದರೂ ನನಗದು ಹೊಳೆದಿರಲಿಲ್ಲ.

ಸಂಜೆ ನನ್ನ ನಾಲ್ಕು ಮೊಳದ ಬಿಳಿ ಪಂಚೆ ಹೆಬ್ಬೆಯಾಯಿತು. ಉದ್ದುದ್ದ ಸೀಳಿ ಕಿಟಕಿಯ ಸರಳಿಗೆ ಕಟ್ಟಿದರು. ಅಳತೆಗೆ ಅರ್ಧ ಗೇಣು ಸಾಲಲಿಲ್ಲ, ಅಜ್ಜಿ ಸೆರಗಿನ ಚೂರೊಂದನ್ನು ಸೇರಿಸಿ ಹೊಲಿದರು. ರೋಪ್‌ವೇಗೆ ಹೊಲಿಗೆ ದಾರ, ತೊಟ್ಟಿಗಳಿಗೆ ಬೆಂಕಿಪೊಟ್ಟಣ. ಅದಿರಿನ ಬದಲು ರಾಗಿ. ಎರಡಡಿಯ ಹಳಿ ಈ ಅಳತೆಯಲ್ಲಿ 7 ಮಿಲಿಮೀಟರ್ ಆಗಬೇಕು, ನಮ್ಮದು 9. ಮೊಮ್ಮಗಳು ಒಪ್ಪಲಿಲ್ಲ, ಉಳಿದವರು ಒಪ್ಪಿದೆವು.

ಪಕ್ಕದ ಮನೆಯ ಟೀಚರಮ್ಮ ಕ್ರಿಸ್‌ಮಸ್ ದಿನ ಕೇಕು, ಕಲ್‌ಕಲ್ ತಟ್ಟೆ ಹಿಡಿದು ಬಂದವರು ರೈಲು ನೋಡಿ ನಿಂತೇಬಿಟ್ಟರು. ಅವರ ಮನೆಯ ಗೋದಲಿಯಲ್ಲಿ ಕುರಿ, ಒಂಟೆ, ಮೂವರು ರಾಜರು ಎಲ್ಲ ಇದ್ದರು, ರೈಲಿರಲಿಲ್ಲ. ಮೊಮ್ಮಕ್ಕಳು ಬೆಂಗಳೂರಿಗೆ ಹೊರಡುವ ಮುಂಚೆ ಹಳಿಯನ್ನು ಅಲ್ಲಿಗೇ ಸಾಗಿಸಿ ಗೋದಲಿಯ ಸುತ್ತ ಜೋಡಿಸಿಕೊಟ್ಟರು. ಜನವರಿ 6ರ ಮೂರು ರಾಜರ ಹಬ್ಬದ ತನಕ ಅದು ಅಲ್ಲೇ ಓಡಲಿದೆ. ಫೋನು ಮಾಡಿದಾಗಲೆಲ್ಲ ಮೊಮ್ಮಗ ಮೊದಲು ಕೇಳುವುದು ರೈಲಿನ ಸಮಾಚಾರ, ಆಮೇಲೆ ಅಜ್ಜಿಯದು. ಪಂಚೆ ಮಾತ್ರ ಇನ್ನೂ ನಮ್ಮ ಕಿಟಕಿಯಲ್ಲಿದೆ. ಬಿಚ್ಚಲು ಹೋದರೆ ಇವರಜ್ಜಿ ಬಿಡುತ್ತಿಲ್ಲ.