ಎನೊ ಅಂದರೆ ಸೋದರಮಾವ

ನಮ್ಮ ಸೊಸೆ ನನ್ನನ್ನು ಹೆಸರು ಹಿಡಿದು ಕರೆಯುತ್ತಾಳೆ. ಸೊಸೆ ಅತ್ತೆಯ ಹೆಸರು ಹಿಡಿಯುವ ಮನೆ ದುಂಡಸಿಯಲ್ಲಿ ನಮ್ಮದೊಂದೇ ಇರಬೇಕು. ಶಿಗ್ಗಾವಿ ತಾಲ್ಲೂಕಿನ ಈ ಊರಿನ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕಲಿಸಿದವಳು ನಾನು. ಊರಿನ ಅರ್ಧ ಮಂದಿಗೆ ಈಗಲೂ ‘ಅಕ್ಕೋರು’. ಉಳಿದವರಿಗೆ ಕಾಕು, ದೊಡ್ಡವ್ವ, ವೈನಿ, ಹೀಗೆ ಏನಾದರೊಂದು. ನನ್ನ ಹೆಸರು ಬೇಕಾಗುತ್ತಿದ್ದದ್ದು ಬ್ಯಾಂಕಿನವರಿಗೆ ಮತ್ತು ಪಿಂಚಣಿ ಕಾಗದಕ್ಕೆ ಮಾತ್ರ.

ಸೊಸೆ ಫಿನ್‌ಲ್ಯಾಂಡಿನವಳು. ಮಗ 2014ರಲ್ಲಿ ಕೆಲಸಕ್ಕೆಂದು ಹೆಲ್ಸಿಂಕಿಯ ಪಕ್ಕದ ಎಸ್ಪೂ ನಗರಕ್ಕೆ ಹೋದ. 2018ರ ಡಿಸೆಂಬರಿನಲ್ಲಿ ಅವಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಬಂದು, ನಮ್ಮ ಮನೆ ಮುಂದಿನ ಹಂದರದಲ್ಲೇ ಮದುವೆಯಾದ. ನಮ್ಮ ಕಡೆ ಮದುವೆಯಲ್ಲಿ ಮದುಮಗಳು ಗಂಡನ ಹೆಸರನ್ನು ಒಡಪಿನಲ್ಲಿ ಸೇರಿಸಿ ಹೇಳಬೇಕಲ್ಲ. ಹೆಂಗಸರೆಲ್ಲ ಬಾಗಿಲು ಅಡ್ಡಗಟ್ಟಿ ‘ಹೆಸರ ಹೇಳವಾ, ಹೆಸರ ಹೇಳಿದ್ರ ಒಳಗ ಬಿಡ್ತೇವಿ’ ಎಂದರು. ಮಗ ಅದನ್ನು ಅವಳಿಗೆ ತಿಳಿಸಿದ. ಅವಳು ಒಂದು ಕ್ಷಣವೂ ನಾಚದೆ, ಹಾಜರಿ ಕೂಗುವಾಗ ನಾನು ಕೂಗುತ್ತಿದ್ದ ಹಾಗೆ, ಗಂಡನ ಪೂರ್ತಿ ಹೆಸರನ್ನು ಮನೆತನದ ಹೆಸರಿನ ಸಮೇತ ಹೇಳಿ ಒಳಗೆ ಬಂದುಬಿಟ್ಟಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಲವತ್ತು ವರ್ಷ ಸಂಸಾರ ಮಾಡಿಯೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದವರು ಆ ಗುಂಪಿನಲ್ಲಿ ಎಷ್ಟೋ ಮಂದಿ ಇದ್ದರು.

ಆ ಮದುವೆಯಲ್ಲಿ ನಗದವನು ಒಬ್ಬನಿದ್ದ. ನನ್ನ ಅಣ್ಣ. ಸೋದರಮಾವನಾಗಿ ಮಾಡಬೇಕಾದದ್ದನ್ನೆಲ್ಲ ಮಾಡಿದ, ಅಕ್ಕಿಕಾಳು ಹಾಕಿದ, ಊಟಕ್ಕೆ ಕೂಡದೆ ಸವಣೂರಿನ ಬಸ್ಸು ಹತ್ತಿದ. ಅವನಿಗೆ ಒಬ್ಬ ಮಗಳು. ನನ್ನ ಮಗನಿಗಿಂತ ಮೂರು ವರ್ಷ ಚಿಕ್ಕವಳು. ಇಬ್ಬರೂ ಸಣ್ಣವರಿದ್ದಾಗಿನಿಂದ ಎರಡೂ ಮನೆಯವರು ಅವಳನ್ನು ‘ದುಂಡಸಿ ಸೊಸಿ’ ಎಂದು ಚೇಷ್ಟೆ ಮಾಡುತ್ತಿದ್ದರು. ಯಾರೂ ಯಾರಿಗೂ ಮಾತು ಕೊಟ್ಟಿರಲಿಲ್ಲ. ಆದರೆ ಮಾತು ಗಾಳಿಯಲ್ಲಿ ಇತ್ತು. ಮುಂದಿನ ವರ್ಷ ಪಂಚಮಿಗೆ ಅಣ್ಣ ಕರೆಯಲು ಬರಲಿಲ್ಲ. ಆಮೇಲೆ ಕೊರೊನಾ ಬಂತು, ಬಾರದಿರಲು ಎಲ್ಲರಿಗೂ ಒಂದು ನೆಪ ಸಿಕ್ಕಿತು. ಕೊರೊನಾ ಹೋಯಿತು, ಅಣ್ಣ ಮಾತ್ರ ಬರಲಿಲ್ಲ.

ಮೊಮ್ಮಗಳು ಹುಟ್ಟಿದ್ದು 2020ರಲ್ಲಿ. ನಾವು ಹೋಗುವ ಹಾಗಿರಲಿಲ್ಲ, ಅವರು ಬರುವ ಹಾಗಿರಲಿಲ್ಲ. ದಿನಾ ಸಂಜೆ ವಿಡಿಯೊ ಕರೆ. ಆ ಕಡೆ ಸೊಸೆ ಮಗುವಿಗೆ ಏನೇನೋ ಹೇಳಿ ನನ್ನನ್ನು ತೋರಿಸುತ್ತಿದ್ದಳು. ಏನು ಹೇಳಿ ತೋರಿಸುತ್ತಾಳೆ ಎಂದು ನನಗೆ ಗೊತ್ತಾಗಬೇಕಿತ್ತು. ಹಾಗಾಗಿ ಶಾಲೆಯ ಹಳೆಯ ನೂರು ಪುಟದ ನೋಟುಬುಕ್ಕಿನಲ್ಲಿ ಫಿನ್ನಿಶ್ ಮಾತುಗಳನ್ನು ಬರೆದುಕೊಳ್ಳಲು ಶುರು ಮಾಡಿದೆ. ಮೊದಲ ಪುಟಕ್ಕೆ ಕೊಟ್ಟ ಹೆಸರು ‘ಮನೆಮಂದಿ’.

ತಾಯಿ ಆ್ಯಯ್ತಿ. ತಂದೆ ಇಸ್ಯಾ. ಈ ‘ಆ್ಯ’ವನ್ನು ಬ್ಯಾಂಕು ಎನ್ನುವಾಗ ಎಳೆಯುವ ಹಾಗೆ ಹೇಳಬೇಕು, ಆದರೆ ಚಿಕ್ಕದಾಗಿ. ಅಕ್ಕತಂಗಿಗೆ ಸಿಸ್ಕೊ, ಅಣ್ಣತಮ್ಮನಿಗೆ ವೆಲಿ. ಹಿರಿಯರೋ ಕಿರಿಯರೋ ಎಂದು ಆ ಮಾತಿನಿಂದ ತಿಳಿಯುವುದಿಲ್ಲ. ಬೇಕಿದ್ದರೆ ಅಣ್ಣನಿಗೆ ಇಸೊವೆಲಿ, ಅಂದರೆ ದೊಡ್ಡ ವೆಲಿ, ತಮ್ಮನಿಗೆ ಪಿಕ್ಕುವೆಲಿ ಎನ್ನಬೇಕು. ಪಿಕ್ಕು ಅಂದರೆ ಸಣ್ಣ. ನಮ್ಮಲ್ಲಿ ಹಿರಿಕಿರಿತನ ಮಾತಿನೊಳಗೇ ಹುಟ್ಟುತ್ತದೆ, ಅಲ್ಲಿ ಹೊರಗಿನಿಂದ ಅಂಟಿಸುತ್ತಾರೆ. ಇಸೊ‌ಆ್ಯಯ್ತಿ ಎಂದು ಸೊಸೆ ಹೇಳಿದಾಗ ನಾನು ಅಕ್ಷರಕ್ಕೆ ಅಕ್ಷರ ಇಟ್ಟು ‘ದೊಡ್ಡವ್ವ’ ಎಂದು ಬರೆದುಕೊಂಡೆ. ಕೇಳಿದರೆ ಅದು ಅಜ್ಜಿಯಂತೆ! ಇಸೊ‌ಇಸ್ಯಾ ದೊಡ್ಡಪ್ಪನಲ್ಲ, ಅಜ್ಜ.

ಮಕ್ಕಳು ಮಾತ್ರ ಅಜ್ಜಿಯನ್ನು ಅಷ್ಟುದ್ದ ಕರೆಯುವುದಿಲ್ಲ, ಮುಮ್ಮೊ ಎನ್ನುತ್ತವೆ. ನಮ್ಮ ಮನೆಯಲ್ಲಿ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ. ಹಾಗಾಗಿ ಮೊಮ್ಮಗಳಿಗೆ ಅಲ್ಲಿಯವಳು ಮುಮ್ಮೊ, ಇಲ್ಲಿಯವಳು ಅಮ್ಮ ಎಂದು ಹಂಚಿಕೆಯಾಯಿತು. ಇದನ್ನು ಕೇಳಿ ಮೈಸೂರು ಕಡೆಯ ಗೆಳತಿಯೊಬ್ಬಳು ಗಾಬರಿಯಾದಳು. ‘ತಾಯಿ ಇರುವಾಗ ನಿನ್ನನ್ನು ಅಮ್ಮ ಅನ್ನುವುದೇ?’ ಕನ್ನಡದೊಳಗೇ ಇಷ್ಟು ದೂರವಿರುವಾಗ ಫಿನ್‌ಲ್ಯಾಂಡಿನ ಮೇಲೆ ಯಾಕೆ ಸಿಟ್ಟು ಎಂದು ನನಗೆ ಅನ್ನಿಸಿತು.

ಎಲ್ಲಕ್ಕಿಂತ ನಗೆ ತರಿಸಿದ್ದು ಮಾವನ ಮಾತು. ಗಂಡನ ಅಥವಾ ಹೆಂಡತಿಯ ತಂದೆಗೆ ಅವರಲ್ಲಿ ‘ಅಪ್ಪಿ’. ನಮ್ಮ ಹಾನಗಲ್ಲಿನ ಆಚೆ, ಶಿರಸಿ ಕಡೆ, ಸಣ್ಣ ಹುಡುಗರನ್ನು ಕರೆಯುವುದೇ ಅಪ್ಪಿ ಎಂದು. ನಮ್ಮ ಮನೆಯವರು ಅರವತ್ತೆಂಟರ ವಯಸ್ಸಿನಲ್ಲಿ ಅಪ್ಪಿಯಾದರು. ನಾನು ಅನೊಪ್ಪಿ, ಅಂದರೆ ಅತ್ತೆ. ಸೊಸೆ ಮಿನಿಯಾ.

ಅನೊಪ್ಪಿ ಎಂಬ ಮಾತು ಇದ್ದ ಮೇಲೆ ಹೆಸರೇಕೆ ಹಿಡಿಯಬೇಕು ಎಂದು ಮಗನನ್ನೇ ಕೇಳಿದೆ. ಅವನು ಹೇಳಿದ್ದು ಇದು. ಅಲ್ಲಿ ಇಂಥ ಮಾತುಗಳು ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಹೇಳಲು. ‘ಇವರು ನನ್ನ ಅನೊಪ್ಪಿ’ ಎಂದು ಗೆಳತಿಗೆ ಹೇಳುತ್ತಾರೆ. ‘ಅನೊಪ್ಪಿ, ಚಹಾ ತಗೊಳ್ರಿ’ ಎಂದು ಯಾರೂ ಹೇಳುವುದಿಲ್ಲ. ಶಾಲೆಯಲ್ಲಿ ಮಕ್ಕಳು ಶಿಕ್ಷಕರನ್ನೂ ಹೆಸರಿನಿಂದಲೇ ಕರೆಯುತ್ತಾರಂತೆ. ನೀವು ಎನ್ನುವ ಮಾತು ಅವರಲ್ಲೂ ಇದೆ, ದಿನದ ಬಳಕೆಯಲ್ಲಿ ಎಲ್ಲರಿಗೂ ನೀನೇ. ಅವನು, ಅವಳು ಎಂಬ ಭೇದವೂ ಇಲ್ಲ, ಎರಡಕ್ಕೂ ‘ಹ್ಯಾನ್’. ಹೆಸರು ಹಿಡಿಯುವುದು ಅಲ್ಲಿ ಸದರವಲ್ಲ, ಹತ್ತಿರದವಳು ಎಂಬ ಗುರುತು. ತಿಳಿದ ಮೇಲೆ ನಾನೇನೂ ಬದಲಿಸಲು ಹೋಗಲಿಲ್ಲ. ನನ್ನ ತಾಯಿ ತೀರಿಕೊಂಡ ಮೇಲೆ ಆ ಹೆಸರನ್ನು ಅಕ್ಕರೆಯಿಂದ ಕೂಗುವವರು ಯಾರೂ ಇರಲಿಲ್ಲ ಎನ್ನುವುದೂ ನಿಜ.

ಭಾಷೆಗಳಿಗೂ ನೆಂಟಸ್ತಿಕೆ ಇರುತ್ತದೆ. ಫಿನ್ನಿಶ್‌ಗೆ ಎಸ್ಟೋನಿಯದ ಭಾಷೆ ಹತ್ತಿರದ ಬಂಧು, ಹಂಗೇರಿಯದ್ದು ದೂರದ್ದು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್, ನಮ್ಮ ಭಾಷೆಗಳಿಗೂ ಫಿನ್ನಿಶ್ ಬಳಗಕ್ಕೂ ಸಂಬಂಧವಿರಬಹುದು ಎಂದು ವಾದಿಸಿದ್ದರು. ಇಂದಿನ ಭಾಷಾಶಾಸ್ತ್ರ ಅದನ್ನು ಒಪ್ಪಿಲ್ಲ. ಆದರೆ ಅವರಿಗೆ ಯಾಕೆ ಹಾಗನ್ನಿಸಿತು ಎನ್ನುವುದು ನನ್ನ ನೋಟುಬುಕ್ಕಿಗೂ ಗೊತ್ತಾಯಿತು. ಮನೆ ‘ತಲೊ’, ಮನೆಯಲ್ಲಿ ‘ತಲೊಸ್ಸ’. ನಮ್ಮ ವಿಭಕ್ತಿಯ ಹಾಗೆ ಬಾಲ ಹಿಂದೆ ಬರುತ್ತದೆ. ನಾನು ತಂಗಿಯನ್ನು ಹೊಂದಿದ್ದೇನೆ ಎನ್ನುವ ಇಂಗ್ಲಿಷ್ ಠೀವಿ ಅಲ್ಲಿಲ್ಲ, ‘ಮಿನುಲ್ಲ ಒನ್ ಸಿಸ್ಕೊ’, ನನ್ನಲ್ಲಿ ತಂಗಿ ಇದ್ದಾಳೆ ಎನ್ನುವ ಧಾಟಿ. ಒತ್ತಕ್ಷರವೂ ದೀರ್ಘವೂ ತಪ್ಪಿದರೆ ಅರ್ಥವೇ ಕೆಡುತ್ತದೆ. ತುಲಿ ಅಂದರೆ ಬೆಂಕಿ, ತೂಲಿ ಅಂದರೆ ಗಾಳಿ, ತುಲ್ಲಿ ಅಂದರೆ ಸುಂಕ. ಇದನ್ನು ಬರೆಯಲು ಕನ್ನಡ ಲಿಪಿಗಿಂತ ಅನುಕೂಲದ್ದು ಇನ್ನೊಂದಿದೆಯೇ?

ಅವರ ಆ್ಯಯ್ತಿ ಕೂಡ ಎರವಲು ಮಾತಂತೆ, ಬಹಳ ಹಿಂದೆ ಜರ್ಮಾನಿಕ್ ಭಾಷೆಗಳಿಂದ ಬಂದದ್ದು. ಅವರ ಹಳೆಯ ಮಾತು ‘ಎಮೊ’ ಈಗ ಪ್ರಾಣಿಗಳ ತಾಯಿಗೆ ಉಳಿದಿದೆ. ನಾವು ಮರಾಠಿಯಿಂದ ಕಾಕಾ, ಆಯಿ, ವೈನಿ ತಂದುಕೊಂಡೆವಲ್ಲ, ಹಾಗೆ. ಗಂಡನ ತಂಗಿಗೆ ಹಳೆಯ ಫಿನ್ನಿಶ್‌ನಲ್ಲಿ ‘ನತೊ’. ನಾದಿನಿಯ ಹಾಗೆ ಕೇಳಿಸಿತು, ಅದು ಆಕಸ್ಮಿಕ ಅಷ್ಟೆ. ಗಂಡನ ತಮ್ಮನಿಗೆ, ಅಣ್ಣನಿಗೆ ಬೇರೆಯದೇ ಒಂದು ಮಾತು ‘ಕ್ಯುತ್ಯು’. ಇವೆರಡೂ ಈಗ ಬಳಕೆ ತಪ್ಪಿವೆ, ನನ್ನ ವಯಸ್ಸಿನವರಿಗೇ ಅಪರೂಪ ಎಂದಳು ಸೊಸೆ. ನಿಮ್ಮ ಮನೆಯ ಮಕ್ಕಳನ್ನು ಒಮ್ಮೆ ಕೇಳಿ ನೋಡಿ, ನೆಗೆಣ್ಣಿ ಅಂದರೆ ಯಾರು, ಷಡ್ಡಕ ಅಂದರೆ ಯಾರು ಎಂದು. ಅಂಕಲ್ ಆಂಟಿಗಳ ಹೊಡೆತಕ್ಕೆ ನಮ್ಮವೂ ಅದೇ ದಾರಿ ಹಿಡಿದಿವೆ.

ಬೀಗರು ಎಂಬ ಮಾತಿಗೆ ಮಾತ್ರ ಸೊಸೆ ಬಹಳ ಹೊತ್ತು ಯೋಚಿಸಿ, ನಾವು ದಿನಾ ಆಡುವ ಅಂಥ ಮಾತಿಲ್ಲ ಎಂದಳು. ಅವಳ ತಾಯಿಗೆ ಮದುವೆಯಲ್ಲಿ ಎಲ್ಲರೂ ‘ಬೀಗತಿ’ ಎಂದು ಕರೆದದ್ದು ಅಷ್ಟು ಹಿಡಿಸಿತೆಂದರೆ, ಈಗಲೂ ಫೋನಿನಲ್ಲಿ ನನ್ನನ್ನು ‘ಬೀಗತಿ’ ಎಂದೇ ಕೂಗುತ್ತಾರೆ. ನಮ್ಮಿಬ್ಬರ ನಡುವೆ ಇರುವ ಭಾಷೆ ಅದೊಂದೇ ಮಾತಿನದು.

ಪುಟ ತಿರುಗಿಸಿದ್ದು ಚಿಕ್ಕಪ್ಪ ಮತ್ತು ಸೋದರಮಾವನ ಮಾತಿನಲ್ಲಿ. ತಂದೆಯ ಕಡೆಯವನು ಸೆತ್ಯಾ, ತಾಯಿಯ ಕಡೆಯವನು ಎನೊ. ಇಂಗ್ಲಿಷಿನಲ್ಲಿ ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದಾರೆ, ಇವರು ಬೇರೆ ಇಟ್ಟಿದ್ದಾರೆ. ಅತ್ತೆಗೂ ಚಿಕ್ಕವ್ವನಿಗೂ ಮಾತ್ರ ಒಂದೇ ‘ತ್ಯಾತಿ’. ಸಣ್ಣ ಮಕ್ಕಳಿಗೆ ಬೀದಿಯಲ್ಲಿ ಸಿಕ್ಕ ಗುರುತಿಲ್ಲದ ಗಂಡಸೂ ಸೆತ್ಯಾ, ಹೆಂಗಸೂ ತ್ಯಾತಿ. ಬಸ್ಸಿನಲ್ಲಿ ನಾವು ಕಾಕಾ ಎಂದು ಕರೆದು ಜಾಗ ಕೇಳುವ ಹಾಗೆ. ಎನೊ ಎಂದು ಯಾರಿಗೆ ಅನ್ನುತ್ತೀರಿ ಎಂದೆ. ‘ಎನೊ ಅಂದರೆ ಎನೊ. ದಾರಿಯಲ್ಲಿ ಹೋಗುವವರಿಗೆ ಅನ್ನುವುದಿಲ್ಲ’ ಎಂದಳು.

ನಾಲ್ಕನೆಯ ಸಾಲಿನಲ್ಲಿ ಸೆರ್ಕ್ಕು ಇತ್ತು. ದೊಡ್ಡಪ್ಪನ ಮಕ್ಕಳು, ಅತ್ತೆಯ ಮಕ್ಕಳು, ಸೋದರಮಾವನ ಮಕ್ಕಳು ಎಲ್ಲರೂ ಸೆರ್ಕ್ಕು. ನಮ್ಮಲ್ಲಿ ದೊಡ್ಡಪ್ಪನ ಮಗಳು ತಂಗಿ, ಸೋದರಮಾವನ ಮಗಳು ವರಸೆಯವಳು, ಮದುವೆಯಾಗಬಹುದಾದವಳು. ಈ ಒಂದು ಗೆರೆಯ ಮೇಲೆಯೇ ನಮ್ಮ ಇಡೀ ಲೆಕ್ಕ ನಿಂತಿದೆ. ನನ್ನ ಅಣ್ಣನಿಗೆ ನೋವಾದದ್ದು ಆ ಗೆರೆಯಿಂದ. ಆ ಗೆರೆಯೇ ಇಲ್ಲದ ಭಾಷೆಯವಳಿಗೆ ಅವನ ನೋವನ್ನು ತಿಳಿಸುವುದು ಹೇಗೆ? ಆ ಸಾಲಿನ ಮುಂದೆ ನಾನು ಏನೂ ಬರೆಯಲಿಲ್ಲ.

ಹೋದ ವರ್ಷ, 2025ರಲ್ಲಿ, ಜುಲೈ 29ಕ್ಕೇ ಪಂಚಮಿ ಬಂತು. ಅಲ್ಲಿನ ಬೇಸಿಗೆ ರಜೆ ಇನ್ನೂ ಮುಗಿದಿರಲಿಲ್ಲ, ಮಗ ಸೊಸೆ ಮೊಮ್ಮಗಳು ಮೂವರೂ ದುಂಡಸಿಯಲ್ಲಿದ್ದರು. ಮೊಮ್ಮಗಳು ತನ್ನ ‘ಪ್ಯಾಯ್ವ್ಯಾಕೊತಿ’ಯಲ್ಲಿ, ಅಂದರೆ ಅವರ ಬಾಲವಾಡಿಯಲ್ಲಿ, ಬಿಡಿಸಿದ ‘ಸುಕುಪೂ’ ತಂದಿದ್ದಳು. ಸುಕು ಅಂದರೆ ಬಂಧುಬಳಗ, ಪೂ ಅಂದರೆ ಮರ. ಅದರ ಅರ್ಧ ಕೊಂಬೆಗಳು ಖಾಲಿ ಇದ್ದವು. ಅವುಗಳಲ್ಲಿ ಯಾರ್ಯಾರು ಎಂದು ಕೇಳಿಕೊಂಡು ಓಣಿಯೆಲ್ಲ ಸುತ್ತುತ್ತಿದ್ದಳು. ನಾನು ಅಣ್ಣನಿಗೆ ಫೋನು ಮಾಡಿ ‘ಮರದಾಗ ನಿನ್ನ ಟೊಂಗಿ ಖಾಲಿ ಐತಿ, ಬಂದು ತುಂಬಸು’ ಎಂದಷ್ಟೇ ಹೇಳಿದೆ.

ಪಂಚಮಿಯ ದಿನ ಮುಂಜಾನೆ ಮಳೆಯಲ್ಲಿ ನೆನೆದುಕೊಂಡೇ ಬಂದ. ಕೈಯಲ್ಲಿ ಸವಣೂರ ಖಾರ, ವೀಳ್ಯದೆಲೆ ಕಟ್ಟು, ಉಂಡಿಯ ಡಬ್ಬಿ. ಹಿಂದೆ ಮಗಳು. ರಾಣೆಬೆನ್ನೂರಿಗೆ ಮದುವೆಯಾಗಿ ಹೋದವಳು, ಪಂಚಮಿಗೆ ತವರಿಗೆ ಬಂದಿದ್ದಳು. ಯಾರೂ ಬಹಳ ಮಾತಾಡಲಿಲ್ಲ. ಮೊಮ್ಮಗಳು ಹಾಳೆ ಹಿಡಿದು ಅಣ್ಣನ ಮುಂದೆ ನಿಂತಳು. ‘ನೀ ಅಪ್ಪನ ಎನೊನಾ?’

‘ಏನಂತದವಾ ಈ ಕೂಸು?’ ಎಂದ ಅಣ್ಣ.

ನಾನು ಹೇಳಿದೆ. ಸೋದರಮಾವನಿಗೆ ಅವರಲ್ಲಿ ಬೇರೆ ಮಾತು ಇದೆ, ಅದನ್ನು ಹಾದಿಬೀದಿಯವರಿಗೆ ಬಳಸುವುದಿಲ್ಲ ಎಂದು. ಅಣ್ಣ ಪಂಜೆಯಿಂದ ಮುಖ ಒರೆಸಿಕೊಂಡ. ‘ಹಂಗಾರ ಆ ದೇಶದಾಗೂ ಸೋದರಮಾವ ಬ್ಯಾರೆನ ಅನ್ನು’ ಎಂದ. ಆಮೇಲೆ ಹಾಳೆ ಇಸಿದುಕೊಂಡು, ತನ್ನ ಕೊಂಬೆ ಯಾವುದು ಎಂದು ಕನ್ನಡಕ ಹುಡುಕಿದ. ‘ನಿನಗ ನಾ ಎನೊ ಅಲ್ಲವಾ, ಅಜ್ಜ ಆಗಬೇಕು’ ಎಂದು ಲೆಕ್ಕ ತಿದ್ದಿದ.

ಮೊಮ್ಮಗಳ ಬೆರಳು ಅವನ ಮಗಳ ಕಡೆ ತಿರುಗಿತು. ನನ್ನ ಎದೆ ಒಂದು ಸಲ ಹೊಡೆದುಕೊಂಡಿತು. ತಂದೆಯ ಸೋದರಮಾವನ ಮಗಳು ನಮ್ಮ ವರಸೆಯಲ್ಲಿ ಮಗುವಿಗೆ ಏನಾಗಬೇಕು ಎಂದು ಅಲ್ಲಿದ್ದ ಹಿರಿಯರಿಗೆಲ್ಲ ಗೊತ್ತಿತ್ತು. ಹೇಳಬೇಕಾದವಳು ತಾನೇ ಹೇಳಿದಳು. ‘ನಾ ನಿನಗ ಚಿಗವ್ವ.’

ಮಗು ತಾಯಿಯ ಮುಖ ನೋಡಿತು, ತಾಯಿ ನನ್ನ ಮುಖ ನೋಡಿದಳು. ‘ಪಿಕ್ಕು ಆ್ಯಯ್ತಿ’ ಎಂದೆ. ಸಣ್ಣ ತಾಯಿ. ಸೊಸೆಗೆ ಮಗ ಹಳೆಯ ಕತೆಯನ್ನು ಎಂದೋ ಹೇಳಿದ್ದ. ಅವಳು ಅಣ್ಣನ ಮಗಳನ್ನು ಒಂದು ಗಳಿಗೆ ನೋಡಿ, ಕೂತಿದ್ದ ಚಾಪೆಯಲ್ಲಿ ಸರಿದು ಜಾಗ ಮಾಡಿದಳು. ತನ್ನ ಒಡೆದ ಕನ್ನಡದಲ್ಲಿ ‘ಬಾ, ಕೂಡು’ ಎಂದಳು. ಹಾಳೆಯ ಮೇಲೆ ಚಿಗವ್ವ ಎಂದು ಬರೆಯಲು ಕೊಂಬೆ ಸಾಲದೆ ಮೊಮ್ಮಗಳು ಹೊಸದೊಂದು ಕೊಂಬೆ ಎಳೆದಳು, ಅದು ಮರದ ಬುಡದಿಂದಲೇ ಹೊರಟಿತ್ತು.

ಮಳೆ ನಿಂತ ಮೇಲೆ ಹಿತ್ತಿಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ‘ಚಿಗವ್ವಾ, ಇನ್ನೂ ಜೋರು’ ಎಂದು ಮೊಮ್ಮಗಳು ಕೂಗುವುದು ಪಡಸಾಲೆಗೆ ಕೇಳಿಸುತ್ತಿತ್ತು. ಅಣ್ಣ ಉಂಡಿ ಮುರಿಯುತ್ತಾ, ಸಂಜೆಯ ಬಸ್ಸಿಗೆ ಐದು ಮಂದಿಗೆ ಜಾಗ ಸಿಗುತ್ತದೋ ಇಲ್ಲವೋ, ಟಂಟಂ ಹೇಳಿದರೆ ಹೆಂಗೆ ಎಂದು ನಮ್ಮ ಮನೆಯವರನ್ನು ಕೇಳುತ್ತಿದ್ದ.