ಕಾಲೇಜಿನ ಹೆಸರು

ಅಮೆರಿಕದಲ್ಲಿರುವ ಮೊಮ್ಮಗಳಿಗೆ ಎರಡು ವೈದ್ಯಕೀಯ ಕಾಲೇಜುಗಳಲ್ಲಿ ಸೀಟು ದೊರೆಯಿತು. ಒಂದು ಹೆಸರಾಂತದ್ದು, ಆದರೆ ಭಾರಿ ಸಾಲ ಮಾಡಬೇಕು. ಇನ್ನೊಂದು ತನ್ನ ರಾಜ್ಯದ್ದೇ, ಶುಲ್ಕ ಕಡಿಮೆ. ಅವಳಿಗೆ ಶಸ್ತ್ರವೈದ್ಯೆಯಾಗುವ ಹಂಬಲ. ಅಲ್ಲಿ ನಾಲ್ಕು ವರ್ಷ ಓದಿದ ಬಳಿಕ ರೆಸಿಡೆನ್ಸಿ ತರಬೇತಿ. ಅಭ್ಯರ್ಥಿಗಳ ಆದ್ಯತೆಯನ್ನೂ ಆಸ್ಪತ್ರೆಗಳ ಆದ್ಯತೆಯನ್ನೂ ಗಣಕವು ಹೊಂದಿಸಿ ಸ್ಥಾನ ಹಂಚುತ್ತದೆ. 2022ರಿಂದ ‘ಸ್ಟೆಪ್ 1’ ಪರೀಕ್ಷೆಯಲ್ಲಿ ಅಂಕಗಳಿಲ್ಲ, ತೇರ್ಗಡೆ ಮಾತ್ರ. ಹಾಗಾಗಿ ಕಾಲೇಜಿನ ಹೆಸರಿಗೇ ತೂಕ ಹೆಚ್ಚೀತೆಂಬ ಅಳುಕು ಅವಳಿಗೆ.

“ಹೆಸರಾಂತದ್ದನ್ನೇ ಹಿಡಿ ಮಗು” ಎಂದುಬಿಟ್ಟೆ.

“ತಾತ, ಮುಂದೆ ಮಕ್ಕಳ ವೈದ್ಯೆಯಾಗಬೇಕೆನಿಸಿದರೆ? ಅದರಲ್ಲಿ ಸಂಪಾದನೆ ಕಡಿಮೆ. ಆ ಸಾಲ ನನ್ನನ್ನು ಬಿಟ್ಟೀತೇ?” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಅವಳು ತನ್ನ ರಾಜ್ಯದ ಕಾಲೇಜನ್ನೇ ಸೇರಿದಳು.

ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಎಷ್ಟು ಮಂದಿಗೆ ನಾನು ಬರಿಯ ಹೆಸರು ನೋಡಿ ದಾರಿ ತೋರಿಸಿದೆನೋ ಎಂಬ ಯೋಚನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.